ಗಡಿಗೆ ಸಿಕ್ಕಿತು, ಗುಂಡಿ ಮುಚ್ಚಿದರು: ಫ್ರೂಮ್ ನಾಣ್ಯರಾಶಿಯ ಪ್ರಕರಣ

2010ರ ಏಪ್ರಿಲ್ 11. ಇಂಗ್ಲೆಂಡಿನ ಸಾಮರ್ಸೆಟ್ ಕೌಂಟಿಯಲ್ಲಿ ಫ್ರೂಮ್ ಎಂಬ ಸಣ್ಣ ಪಟ್ಟಣ. ಅದರ ಹತ್ತಿರದ ಒಂದು ಹೊಲದಲ್ಲಿ ಡೇವ್ ಕ್ರಿಸ್ಪ್ ಎಂಬುವರು ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುತ್ತಿದ್ದರು. ಇವರು ಪುರಾತತ್ವದವರಲ್ಲ. ಆಸ್ಪತ್ರೆಯಲ್ಲಿ ಅಡುಗೆ ಕೆಲಸ ಮಾಡುವವರು. ಹಳೆಯ ನಾಣ್ಯ ಹುಡುಕುವುದು ಬಿಡುವಿನ ಹವ್ಯಾಸ. ಹೊಲದ ಮಾಲೀಕರ ಒಪ್ಪಿಗೆ ಮೊದಲೇ ಇತ್ತು. ಅದೇ ಹೊಲದಲ್ಲಿ ಸ್ವಲ್ಪ ಮುಂಚೆ ಅವರಿಗೆ ಅರವತ್ತಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಅಲ್ಲಲ್ಲಿ ಚದುರಿದಂತೆ ಸಿಕ್ಕಿದ್ದವು. ನೇಗಿಲಿಗೆ ಸಿಕ್ಕಿ ಒಡೆದುಹೋದ ಯಾವುದೋ ಹಳೆಯ ಗಂಟಿನವು. ಇನ್ನೂ ನಾಲ್ಕಾರು ಉಳಿದಿರಬಹುದು ಅಂತ ಮತ್ತೆ ಬಂದಿದ್ದರು.

ಡಿಟೆಕ್ಟರ್ ಕೆಲಸ ಮಾಡುವ ರೀತಿ ಸರಳ. ಕೋಲಿನ ತುದಿಯಲ್ಲಿ ತಟ್ಟೆಯಂಥ ಕಾಯಿಲ್, ಅಂದರೆ ತಂತಿಯ ಸುರುಳಿ ಇರುತ್ತದೆ. ಅದರಿಂದ ಹೊರಡುವ ಕಾಂತಕ್ಷೇತ್ರ ಮಣ್ಣಿನೊಳಗಿನ ಲೋಹಕ್ಕೆ ತಾಗಿದಾಗ ಆ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಅವು ತಿರುಗಿ ತಮ್ಮದೇ ಕ್ಷೇತ್ರ ಹುಟ್ಟಿಸುತ್ತವೆ. ಯಂತ್ರ ಅದನ್ನು ಹಿಡಿದು ಹೆಡ್‌ಫೋನಿಗೆ ಸದ್ದು ಕೊಡುತ್ತದೆ. ಮೇಲ್ಮಣ್ಣಿನಲ್ಲಿರುವ ಒಂಟಿ ನಾಣ್ಯದ ಸದ್ದು ಚಿಕ್ಕದು, ಚೊಕ್ಕ. ಆಳದಲ್ಲಿರುವ ದೊಡ್ಡ ರಾಶಿಯದ್ದು ಹಾಗಲ್ಲ, ಅಗಲವಾಗಿ ಹರಡಿದ, ಸ್ಪಷ್ಟವಿಲ್ಲದ ಸದ್ದು. ಅನುಭವ ಇಲ್ಲದವರು ಯಾವುದೋ ಹಳೆಯ ಕಬ್ಬಿಣ ಅಂತ ಮುಂದೆ ಹೋಗಿಬಿಡಬಹುದು. ಕ್ರಿಸ್ಪ್ ಅವರಿಗೆ ಅವತ್ತು ಕೇಳಿಸಿದ್ದೂ ಅಂಥದ್ದೇ ವಿಚಿತ್ರ ಸದ್ದು. ಅವರು ಮುಂದೆ ಹೋಗಲಿಲ್ಲ, ಅಗೆದರು.

ಸುಮಾರು 35 ಸೆಂಟಿಮೀಟರ್ ಕೆಳಗೆ ಒಂದು ಪುಟ್ಟ ನಾಣ್ಯ ಬಂತು. ಜೊತೆಗೆ ಮಡಕೆಯ ಚೂರು. ಕೈ ಹಾಕಿದಷ್ಟೂ ನಾಣ್ಯಗಳು. ಗಡಿಗೆಯ ಬಾಯಿಯ ಅಂಚು ಕಂಡಾಗ ಅವರಿಗೆ ವಿಷಯ ಗೊತ್ತಾಯಿತು: ಇದು ಚದುರಿದ್ದಲ್ಲ, ಹೂತಿಟ್ಟದ್ದು, ಹೂತಿಟ್ಟಂತೆಯೇ ಉಳಿದಿದೆ. ಆಗ ಅವರು ಮಾಡಿದ ಕೆಲಸದಿಂದಲೇ ಇದು ಬರೆಯುವಂಥ ಪ್ರಕರಣವಾಯಿತು. ಮಣ್ಣು ಎಳೆದು ಗುಂಡಿ ಮುಚ್ಚಿದರು. ಮನೆಗೆ ಹೋಗಿ ಪುರಾತತ್ವದವರಿಗೆ ಸುದ್ದಿ ಮುಟ್ಟಿಸಿದರು.

ಒಳ್ಳೆಯ ಮನುಷ್ಯ ಅಂತ ಹೊಗಳಿ ಇಲ್ಲಿಗೇ ಮುಗಿಸಬಹುದು. ನನಗೆ ಅದು ಸಾಲದು ಅನಿಸುತ್ತದೆ. ಒಳ್ಳೆಯತನ ಎಲ್ಲ ಊರಿನಲ್ಲೂ ಇರುತ್ತದೆ. ಗುಂಡಿ ಮುಚ್ಚಿ ಫೋನ್ ಮಾಡಬೇಕಾದರೆ ಆ ಕಡೆ ಫೋನ್ ಎತ್ತುವ ಒಬ್ಬರಿರಬೇಕು. ಹೇಳಿದವನಿಗೆ ನಷ್ಟ ಆಗಬಾರದು. ಆ ವ್ಯವಸ್ಥೆ ಇಂಗ್ಲೆಂಡಿನಲ್ಲಿ ತಾನಾಗಿ ಬಂದದ್ದಲ್ಲ. ಬರುವ ಮುಂಚೆ ಅಲ್ಲೂ ಸಾಕಷ್ಟು ಕಳ್ಳತನ, ಜಗಳ, ಕೋರ್ಟು ಎಲ್ಲ ನಡೆದಿತ್ತು.

ಕಾನೂನು ಬದಲಾದದ್ದು

ಹಳೆಯ ಕಾನೂನು ಮಧ್ಯಯುಗದ್ದು. ಅದರ ಪ್ರಕಾರ ನೆಲದಲ್ಲಿ ಸಿಕ್ಕಿದ ವಸ್ತು ನಿಧಿ ಅಂತ ಆಗಬೇಕಾದರೆ ಅದರಲ್ಲಿ ಚಿನ್ನ ಬೆಳ್ಳಿಯ ಅಂಶ ಜಾಸ್ತಿ ಇರಬೇಕಿತ್ತು. ಜೊತೆಗೆ, ಹೂತವನು ಮುಂದೆ ಬಂದು ತೆಗೆದುಕೊಳ್ಳುವ ಉದ್ದೇಶದಿಂದಲೇ ಹೂತಿರಬೇಕಿತ್ತು. ಸಾವಿರದ ಏಳುನೂರು ವರ್ಷದ ಹಿಂದೆ ಸತ್ತವನ ಉದ್ದೇಶವನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಹೇಗೆ?

ಲಿಂಕನ್‌ಷೈರಿನ ಕೋಲ್ಬಿ ಎಂಬಲ್ಲಿ ಸಿಕ್ಕ 7,811 ರೋಮನ್ ನಾಣ್ಯಗಳ ವಿಷಯ 1982ರಲ್ಲಿ ಮೇಲ್ಮನವಿ ನ್ಯಾಯಾಲಯದವರೆಗೆ ಹೋಯಿತು. ಅವು ಮೂರನೇ ಶತಮಾನದ ನಾಣ್ಯಗಳು. ಬೆಳ್ಳಿ ಹೆಸರಿಗಷ್ಟೇ, ಹೆಚ್ಚಿನದು ತಾಮ್ರ. ಬೆಳ್ಳಿ ಸಾಲದು, ಆದ್ದರಿಂದ ನಿಧಿ ಅಲ್ಲ ಎಂದು ತೀರ್ಪು ಬಂತು. ಫ್ರೂಮಿನ ಗಡಿಗೆಯಲ್ಲಿ ಇದ್ದದ್ದೂ ಹೆಚ್ಚು ಕಡಿಮೆ ಇದೇ ಜಾತಿಯ ನಾಣ್ಯ. 1982ರ ಲೆಕ್ಕದಲ್ಲಿ ನೋಡಿದರೆ ಅದಕ್ಕೆ ಕಾನೂನಿನ ರಕ್ಷಣೆಯೇ ಇರುತ್ತಿರಲಿಲ್ಲ.

ಸರ್ರೆ ಕೌಂಟಿಯ ವಾನ್‌ಬರೋದಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. ಅಲ್ಲಿ ರೋಮನ್ ಕಾಲದ ಗುಡಿಯ ಜಾಗವಿತ್ತು. 1980ರ ದಶಕದ ನಡುವೆ ರಾತ್ರಿ ಹೊತ್ತು ಡಿಟೆಕ್ಟರ್ ತಂದವರು ಆ ಜಾಗವನ್ನು ಅಗೆದು ಸಾವಿರಾರು ನಾಣ್ಯ ಸಾಗಿಸಿದರು. ಇಂಥವರಿಗೆ ಅಲ್ಲಿ ನೈಟ್‌ಹಾಕ್ ಅಂತ ಹೆಸರು. ಗುಡಿಗೆ ಹರಕೆಯಾಗಿ ಕೊಟ್ಟ ನಾಣ್ಯವನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ ಅಲ್ವಾ? ಹಾಗಾಗಿ ಹಳೆಯ ಕಾನೂನು ಅಲ್ಲಿ ಕೈಕೊಟ್ಟಿತು. ಕಾನೂನು ಬದಲಾಗಬೇಕು ಅಂತ ಸರ್ರೆಯ ಪುರಾತತ್ವ ಸಂಘದವರು ಬೆನ್ನು ಹತ್ತಿದ್ದು ಇದರ ನಂತರವೇ.

1996ರಲ್ಲಿ ಹೊಸ ಟ್ರೆಷರ್ ಆ್ಯಕ್ಟ್ ಬಂತು, ಮರುವರ್ಷ ಜಾರಿಯಾಯಿತು. ಉದ್ದೇಶದ ಪ್ರಶ್ನೆಯನ್ನೇ ಕಿತ್ತುಹಾಕಿದರು. 300 ವರ್ಷಕ್ಕಿಂತ ಹಳೆಯ ನಾಣ್ಯ, ಒಂದೇ ಕಡೆ ಎರಡು ಅಥವಾ ಹೆಚ್ಚು, ಚಿನ್ನ ಬೆಳ್ಳಿ ಕನಿಷ್ಠ ಶೇಕಡಾ 10 ಇದ್ದರೆ ನಿಧಿ. ಅಷ್ಟು ಇಲ್ಲದ ನಾಣ್ಯವಾದರೆ ಹತ್ತು ಇರಬೇಕು. ಸಿಕ್ಕಿದವರು 14 ದಿನದೊಳಗೆ ಕರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಮ್ಯೂಸಿಯಂ ಬೇಕೆಂದರೆ ಸ್ವತಂತ್ರ ಸಮಿತಿಯೊಂದು ಮಾರುಕಟ್ಟೆ ಬೆಲೆ ಕಟ್ಟುತ್ತದೆ. ಆ ಹಣ ಸಾಮಾನ್ಯವಾಗಿ ಹುಡುಕಿದವರಿಗೂ ಜಮೀನಿನ ಮಾಲೀಕರಿಗೂ ಅರ್ಧರ್ಧ. ಆತುರಪಟ್ಟು ಕಿತ್ತು ಹಾಳು ಮಾಡಿದರೆ ಇನಾಮು ಕಡಿಮೆ ಮಾಡುವ ಅಧಿಕಾರವೂ ಇದೆ.

ಇದರ ಜೊತೆಗೇ 1997ರಲ್ಲಿ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್ ಶುರುವಾಯಿತು. ಕೌಂಟಿಗೆ ಒಬ್ಬರಂತೆ ಅಧಿಕಾರಿ. ನಿಧಿ ಅಲ್ಲದ ಸಣ್ಣಪುಟ್ಟ ವಸ್ತು, ಅಂಗಿಯ ಗುಂಡಿ, ಬಕಲ್, ಒಂಟಿ ನಾಣ್ಯವನ್ನೂ ತಂದು ತೋರಿಸಿದರೆ ದಾಖಲು ಮಾಡಿ ವಾಪಸ್ ಕೊಡುತ್ತಾರೆ. ಕೇಳಲು ಸಣ್ಣ ವಿಷಯ. ಆದರೆ ಹವ್ಯಾಸಿಗೂ ಅಧಿಕಾರಿಗೂ ಮುಖಪರಿಚಯ ಬೆಳೆದದ್ದು ಇದರಿಂದಲೇ. ಕ್ರಿಸ್ಪ್ ಅವರಿಗೆ ವಿಲ್ಟ್‌ಷೈರಿನ ಅಧಿಕಾರಿ ಕೇಟಿ ಹೈಂಡ್ಸ್ ಗೊತ್ತಿದ್ದರು. ಅವರ ಮೂಲಕ ಸುದ್ದಿ ಸಾಮರ್ಸೆಟ್ ಅಧಿಕಾರಿ ಆ್ಯನಾ ಬೂತ್ ಅವರಿಗೆ ಹೋಯಿತು.

ಮೂರು ದಿನದ ಅಗೆತ

ಅದೇ ತಿಂಗಳಲ್ಲಿ ಆ್ಯಲನ್ ಗ್ರಹಾಮ್ ಎಂಬ ಪುರಾತತ್ವಜ್ಞರು ಬಂದರು. ಗುಂಡಿಯ ಸುತ್ತ ಅಗಲವಾಗಿ ಬಿಡಿಸಿದಾಗ ಪೂರ್ತಿ ಗಡಿಗೆ ಕಂಡಿತು. ಎತ್ತರ ಸುಮಾರು 60 ಸೆಂಟಿಮೀಟರ್, ಹೊಟ್ಟೆಯ ಅಗಲ ಸುಮಾರು 45. ಬಾಯಿಗೆ ಒಂದು ಚಿಕ್ಕ ಬಟ್ಟಲನ್ನು ಕವುಚಿ ಮುಚ್ಚಿದ್ದರು. ಸುತ್ತ ಒಣ ಸೊಪ್ಪು ಹುಲ್ಲಿನಂಥದ್ದನ್ನು ತುರುಕಿದ ಗುರುತೂ ಇತ್ತು. ಗಡಿಗೆಯ ಗೋಡೆ ತೆಳು. ಅದು ಮಣ್ಣಿನೊಳಗೇ ಯಾವಾಗಲೋ ಬಿರುಕು ಬಿಟ್ಟಿತ್ತು.

ಇಲ್ಲಿ ಒಂದು ಕಷ್ಟದ ತೀರ್ಮಾನ ಮಾಡಬೇಕಿತ್ತು. ಇಂಥ ಗಡಿಗೆಯನ್ನು ಸಾಧ್ಯವಾದರೆ ಸುತ್ತಲಿನ ಮಣ್ಣಿನ ಸಮೇತ ಎತ್ತಿ ಪ್ರಯೋಗಾಲಯಕ್ಕೆ ಒಯ್ದು ಅಲ್ಲಿ ನಿಧಾನವಾಗಿ ಬಿಡಿಸುವುದು ವಾಡಿಕೆ. 2007ರಲ್ಲಿ ಬಾತ್ ನಗರದ ಬೋ ಸ್ಟ್ರೀಟಿನಲ್ಲಿ ಸಿಕ್ಕ 17,577 ನಾಣ್ಯಗಳನ್ನು ಹಾಗೇ ಇಡಿಯಾಗಿ ಎತ್ತಿದ್ದರು. ಎಕ್ಸ್‌ರೇ ಹಾಕಿ ನೋಡಿದಾಗ ಒಳಗೆ ಎಂಟು ಬೇರೆ ಬೇರೆ ಚೀಲಗಳಿದ್ದವು ಅಂತ ಗೊತ್ತಾಯಿತು. ಫ್ರೂಮಿನಲ್ಲಿ ಅದು ಆಗುವಂತಿರಲಿಲ್ಲ. ಒಡೆದ ಗಡಿಗೆ, ಒಳಗೆ 160 ಕಿಲೋ ಲೋಹ. ಎತ್ತಿದರೆ ಕುಸಿದು ಎಲ್ಲ ಕಲಸಿಹೋಗುತ್ತಿತ್ತು. ಹಾಗಂತ ಬೊಗಸೆ ಬೊಗಸೆಯಾಗಿ ಚೀಲಕ್ಕೆ ಸುರಿದುಕೊಂಡರೂ ಕಲಸಿಹೋಗುತ್ತದೆ.

ಗ್ರಹಾಮ್ ನಡುವಿನ ದಾರಿ ಹಿಡಿದರು. ಗಡಿಗೆ ಇದ್ದ ಜಾಗದಲ್ಲೇ, ಮೇಲಿನಿಂದ ಒಂದೊಂದು ಪದರ ಬಿಡಿಸುವುದು. ಯಾವ ಪದರದ್ದು, ಪದರದ ಯಾವ ಭಾಗದ್ದು ಅಂತ ಬರೆದು ಬೇರೆ ಬೇರೆ ಚೀಲಕ್ಕೆ ಹಾಕುವುದು. 60ಕ್ಕೂ ಹೆಚ್ಚು ಚೀಲಗಳಾದವು. ಕ್ರಿಸ್ಪ್ ಅವರೂ ಜೊತೆಗಿದ್ದರು. ಮೂರು ದಿನದಲ್ಲಿ ಗಡಿಗೆ ಖಾಲಿಯಾಯಿತು.

ನಾಣ್ಯಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋದವು. ಒದ್ದೆ ಮಣ್ಣು ಮೆತ್ತಿದ ತಾಮ್ರ ಹಾಗೇ ಬಿಟ್ಟರೆ ಕೆಡುತ್ತದೆ. ಅಲ್ಲಿನ ಸಂರಕ್ಷಣೆ ವಿಭಾಗದವರು ಮೊದಲು ಎಲ್ಲವನ್ನೂ ತೊಳೆದು ಒಣಗಿಸಿದರು. ಅದೂ ಚೀಲದ ಗುರುತು ಬಿಡದೆ. ಇದಕ್ಕೇ ಸುಮಾರು ಆರು ವಾರ ಹಿಡಿಯಿತು. ಎಣಿಸಿದಾಗ ಒಟ್ಟು 52,503. ಬ್ರಿಟನ್ನಿನಲ್ಲಿ ಒಂದೇ ಪಾತ್ರೆಯಲ್ಲಿ ಇಷ್ಟು ನಾಣ್ಯ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ. 1978ರಲ್ಲಿ ವಿಲ್ಟ್‌ಷೈರಿನ ಮಿಲ್ಡನ್‌ಹಾಲ್‌ನಲ್ಲಿ ಸಿಕ್ಕ ರಾಶಿ ಇದಕ್ಕಿಂತ ದೊಡ್ಡದು, 54,951. ಆದರೆ ಅದು ಎರಡು ಪಾತ್ರೆಯಲ್ಲಿತ್ತು.

ಪದರಗಳು ಹೇಳಿದ್ದು

ಈ ನಾಣ್ಯಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾಮ್ರಾಟರ ಮುಖಗಳಿವೆ. ಕ್ರಿ.ಶ. 253ರಿಂದ ಮುಂದಿನ ಕಾಲದವು. ರೋಮಿನಲ್ಲಿ ಅದು ಕೆಟ್ಟ ಕಾಲ. ಇವತ್ತು ಸಿಂಹಾಸನ, ನಾಳೆ ಕೊಲೆ. ಸೈನಿಕರ ಸಂಬಳಕ್ಕೆ ಬೆಳ್ಳಿ ಸಾಲದೆ ನಾಣ್ಯಕ್ಕೆ ತಾಮ್ರ ಬೆರೆಸುತ್ತಾ ಹೋದರು. ಕೊನೆಗೆ ಬೆಳ್ಳಿ ಹೆಸರಿಗಷ್ಟೇ ಉಳಿಯಿತು.

ಇವರಲ್ಲಿ ಒಬ್ಬ ಕರೌಸಿಯಸ್. ಇವನದ್ದು ದೊಡ್ಡ ಕಥೆ. ಈಗಿನ ಬೆಲ್ಜಿಯಂ ಕಡೆಯವನು, ನೌಕಾಪಡೆಯ ನಾಯಕ. ಇಂಗ್ಲಿಷ್ ಕಾಲುವೆಯಲ್ಲಿ ಕಡಲ್ಗಳ್ಳರನ್ನು ಹಿಡಿಯಲು ನೇಮಿಸಿದ್ದರು. ಕಳ್ಳರಿಂದ ಕಿತ್ತ ಮಾಲನ್ನು ತಾನೇ ಇಟ್ಟುಕೊಳ್ಳುತ್ತಿದ್ದಾನೆ ಎಂಬ ಆರೋಪ ಬಂತು. ಸಾಮ್ರಾಟ ಮ್ಯಾಕ್ಸಿಮಿಯನ್ ಇವನ ತಲೆ ತೆಗೆಯಲು ಹೇಳಿದ. ಇವನು ಬ್ರಿಟನ್ನಿಗೆ ಹೋಗಿ ನಾನೇ ಸಾಮ್ರಾಟ ಅಂದುಬಿಟ್ಟ. ಅದು 286ರಲ್ಲಿ. ಏಳು ವರ್ಷ ಆಳಿದ ಮೇಲೆ 293ರಲ್ಲಿ ತನ್ನವನೇ ಆದ ಅಲೆಕ್ಟಸ್‌ನಿಂದ ಕೊಲೆಯಾದ. ಗಡಿಗೆಯಲ್ಲಿ ಇವನ 766 ನಾಣ್ಯಗಳಿದ್ದವು. ಅವುಗಳಲ್ಲಿ ಐದು ಒಳ್ಳೆಯ ಬೆಳ್ಳಿಯ ದಿನಾರಿಯಸ್‌ಗಳು. ಬೇರೆಲ್ಲ ಕಡೆ ಕಲಬೆರಕೆ ನಡೆದಿದ್ದಾಗ ಇವನು ಚೊಕ್ಕ ಬೆಳ್ಳಿಯಲ್ಲಿ ಹೊಡೆಸಿದ್ದ. ನನ್ನದು ಅಸಲಿ ರಾಜ್ಯ ಅಂತ ತೋರಿಸುವ ಆಸೆ ಇದ್ದಿರಬೇಕು.

ಗಡಿಗೆಯಲ್ಲಿದ್ದವುಗಳ ಪೈಕಿ ಎಲ್ಲಕ್ಕಿಂತ ಹೊಸವು ಕರೌಸಿಯಸ್‌ನ ನಾಣ್ಯಗಳೇ. ಒಂದು ಮನೆಯವರು ವರ್ಷ ವರ್ಷ ಕೂಡಿಡುತ್ತಾ ಬಂದಿದ್ದರೆ ಹಳೆಯವು ತಳದಲ್ಲಿ, ಹೊಸವು ಬಾಯಿಯ ಹತ್ತಿರ ಇರಬೇಕಿತ್ತು. ಚೀಲಗಳ ಗುರುತು ನೋಡಿ ಲೆಕ್ಕ ಹಾಕಿದರೆ ಆದದ್ದೇ ಬೇರೆ. ಕರೌಸಿಯಸ್‌ನ ನಾಣ್ಯಗಳಲ್ಲಿ ಹೆಚ್ಚಿನವು ಗಡಿಗೆಯ ಅರ್ಧಕ್ಕಿಂತ ಕೆಳಗಿದ್ದವು. ಅವುಗಳ ಮೇಲೆ ರಾಶಿ ರಾಶಿ ಹಳೆಯ ನಾಣ್ಯ. ಅಂದರೆ ಈ ಗಡಿಗೆ ವರ್ಷಗಟ್ಟಲೆ ತುಂಬಿದ್ದಲ್ಲ. ಬೇರೆ ಬೇರೆ ಚೀಲ, ಡಬ್ಬಿಗಳಲ್ಲಿ ತಂದು ಒಂದೇ ಸಲಕ್ಕೆ ಸುರಿದದ್ದು. 160 ಕಿಲೋ ತುಂಬಿದ ತೆಳು ಗಡಿಗೆಯನ್ನು ಹೊತ್ತು ತರಲು ಆಗುವುದೂ ಇಲ್ಲ. ಮೊದಲು ಖಾಲಿ ಗಡಿಗೆಯನ್ನು ಗುಂಡಿಯಲ್ಲಿಟ್ಟು ಆಮೇಲೆ ತುಂಬಿದ್ದಾರೆ.

ಈ ಒಂದು ತೀರ್ಮಾನಕ್ಕೆ ಬರಲು ಬೇಕಾಗಿದ್ದದ್ದು ಪದರದ ಗುರುತು ಮಾತ್ರ. ನಾಣ್ಯಗಳನ್ನು ಎಷ್ಟು ದಿಟ್ಟಿಸಿದರೂ ಅದು ಹೊಳೆಯುವುದಿಲ್ಲ. ಏಪ್ರಿಲ್ 11ರಂದು ಕ್ರಿಸ್ಪ್ ಒಂದು ಗೋಣಿಚೀಲಕ್ಕೆ ಎಲ್ಲ ತುಂಬಿಕೊಂಡು ಹೋಗಿ ಮರುದಿನ ಪ್ರಾಮಾಣಿಕವಾಗಿ ಮ್ಯೂಸಿಯಮ್ಮಿಗೆ ಒಪ್ಪಿಸಿದ್ದರೂ 52,503 ನಾಣ್ಯ ಸಿಗುತ್ತಿತ್ತು, ಈ ವಿಷಯ ಸಿಗುತ್ತಿರಲಿಲ್ಲ.

ಮುಂದಿನ ಪ್ರಶ್ನೆ, ಯಾಕೆ ಹೂತರು? ಬ್ರಿಟಿಷ್ ಮ್ಯೂಸಿಯಮ್ಮಿನ ಸ್ಯಾಮ್ ಮೂರ್‌ಹೆಡ್ ಅವರು, ಇದು ದೇವರಿಗೆ ಒಪ್ಪಿಸಿದ ಕಾಣಿಕೆ ಇರಬಹುದು ಅಂದರು. ಊರಿನ ಜನ ಸೇರಿ ಮಳೆಗೋ ಬೆಳೆಗೋ ಹರಕೆ ಹೊತ್ತು ತಮ್ಮ ತಮ್ಮ ನಾಣ್ಯ ತಂದು ಸುರಿದಿರಬಹುದು. ಕಾರಣ, ಇಷ್ಟು ಭಾರದ ಗಡಿಗೆಯನ್ನು ಯಾರೂ ಮತ್ತೆ ಎತ್ತಲಾರರು. ವಾಪಸ್ ತೆಗೆಯುವ ಯೋಚನೆ ಇದ್ದವರು ನಾಲ್ಕು ಚಿಕ್ಕ ಗಡಿಗೆಗಳಲ್ಲಿ ಹೂಳುತ್ತಿದ್ದರು.

ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. ಒಂದೇ ಸಲ ತುಂಬಿದರು ಅನ್ನುವುದು ಗಟ್ಟಿ. ಎತ್ತಲು ಆಗದು, ಆದ್ದರಿಂದ ಹರಕೆ ಅನ್ನುವುದು ಅಷ್ಟು ಗಟ್ಟಿಯಲ್ಲ. ಗಡಿಗೆ ಎತ್ತುವುದೇಕೆ? ಮುಚ್ಚಳ ತೆಗೆದು ಬೇಕಾದಷ್ಟು ತೆಗೆದುಕೊಳ್ಳಬಹುದಲ್ಲ. ಇನ್ನೊಂದು ದಾರಿಯೂ ಇದೆ. ಹಳೆಯ ಕಲಬೆರಕೆ ನಾಣ್ಯಕ್ಕೆ ಬೆಲೆ ಬಿದ್ದುಹೋದಾಗ ಅದನ್ನು ಒಂದು ಕಡೆ ಹಾಕಿರಬಹುದು. 2016ರ ನವೆಂಬರ್ ಆದ ಮೇಲೆ ಅಕ್ಕಿ ಡಬ್ಬದಲ್ಲಿ, ಸೀರೆ ಮಡಿಕೆಯಲ್ಲಿ ಉಳಿದ ಹಳೆಯ ಐನೂರರ ನೋಟು ನೋಡಿದವರಿಗೆ ಇದು ಅಸಾಧ್ಯ ಅನಿಸುವುದಿಲ್ಲ. ಆದರೆ ಆ ಐದು ಒಳ್ಳೆಯ ಬೆಳ್ಳಿ ನಾಣ್ಯಗಳು ಇದಕ್ಕೆ ಅಡ್ಡ ಬರುತ್ತವೆ. ಬೆಲೆ ಇಲ್ಲದ್ದರ ಜೊತೆ ಬೆಲೆ ಇದ್ದದ್ದನ್ನು ಯಾರು ಹಾಕುತ್ತಾರೆ? ಹರಕೆ ಅನ್ನುವವರಿಗೆ ಇದೇ ಒಳ್ಳೆಯ ಸಾಕ್ಷಿ ಅಂತ ನನಗನಿಸುತ್ತದೆ.

ಹಳೆಯ ಕಾನೂನು ಇದ್ದಿದ್ದರೆ ಈ ಚರ್ಚೆಗೆ ಬೇರೆಯೇ ಬಿಸಿ ಇರುತ್ತಿತ್ತು. ಹರಕೆ ಅಂತ ಸಾಬೀತಾದರೆ ಅದು ನಿಧಿ ಅಲ್ಲ, ಮ್ಯೂಸಿಯಮ್ಮಿಗೆ ಹಕ್ಕಿಲ್ಲ. ಸತ್ಯ ಹೇಳಿದರೆ ಮ್ಯೂಸಿಯಮ್ಮಿಗೇ ನಷ್ಟ. ಈಗ ಪಂಡಿತರು ಆರಾಮವಾಗಿ ವಾದ ಮಾಡಬಹುದು.

ದುಡ್ಡಿನ ಲೆಕ್ಕ

2010ರ ಜುಲೈನಲ್ಲಿ ಕರೋನರ್ ಇದನ್ನು ನಿಧಿ ಎಂದು ಘೋಷಿಸಿದರು. ಸಮಿತಿ ಕಟ್ಟಿದ ಬೆಲೆ 3,20,250 ಪೌಂಡ್. ಅರ್ಧ ಕ್ರಿಸ್ಪ್ ಅವರಿಗೆ, ಅರ್ಧ ಜಮೀನಿನವರಿಗೆ. ನ್ಯಾಷನಲ್ ಹೆರಿಟೇಜ್ ಮೆಮೋರಿಯಲ್ ಫಂಡ್ ಮತ್ತು ಆರ್ಟ್ ಫಂಡ್ ನೆರವಿನಿಂದ ಸಾಮರ್ಸೆಟ್ ಮ್ಯೂಸಿಯಂ ಕೊಂಡುಕೊಂಡಿತು. 2011ರಿಂದ ಅದು ಟಾಂಟನ್ ಊರಿನ ಕೋಟೆಯೊಳಗಿನ ಆ ಮ್ಯೂಸಿಯಮ್ಮಿನಲ್ಲಿದೆ. ಲಂಡನ್ನಿನಲ್ಲಿ ಅಲ್ಲ, ಸಿಕ್ಕ ಜಿಲ್ಲೆಯಲ್ಲೇ.

ಎಲ್ಲರೂ ಹೀಗೆ ಮಾಡುವುದಿಲ್ಲ. 2015ರಲ್ಲಿ ಹೆರೆಫರ್ಡ್‌ಷೈರಿನ ಲೆಮ್‌ಸ್ಟರ್ ಹತ್ತಿರ ಇಬ್ಬರು ಡಿಟೆಕ್ಟರಿನವರಿಗೆ ವೈಕಿಂಗ್ ಕಾಲದ ನಿಧಿ ಸಿಕ್ಕಿತು. ಸುಮಾರು 300 ನಾಣ್ಯ, ಚಿನ್ನದ ಒಡವೆ. ಅವರು ಸ್ವಲ್ಪ ತೋರಿಸಿ ಉಳಿದದ್ದನ್ನು ಗುಟ್ಟಾಗಿ ಮಾರತೊಡಗಿದರು. ಗುಂಡಿಯಲ್ಲಿ ತೆಗೆದ ಫೋಟೋಗಳನ್ನು ಫೋನಿನಿಂದ ಅಳಿಸಿದ್ದರು. ಪೊಲೀಸರು ಅವನ್ನು ವಾಪಸ್ ತೆಗೆದರು. 2019ರಲ್ಲಿ ಒಬ್ಬನಿಗೆ 10 ವರ್ಷ, ಇನ್ನೊಬ್ಬನಿಗೆ 8 ವರ್ಷ 6 ತಿಂಗಳು ಜೈಲು ಅಂತ ತೀರ್ಪು. ಮೇಲ್ಮನವಿಯಲ್ಲಿ ಅದು ಕಡಿಮೆಯಾಯಿತು. ನಾಣ್ಯಗಳಲ್ಲಿ ಹೆಚ್ಚಿನವು ಈವರೆಗೂ ಪತ್ತೆಯಿಲ್ಲ. ಹಳೆಯ ಇಂಗ್ಲೆಂಡಿನ ವೆಸ್ಸೆಕ್ಸ್ ರಾಜ್ಯದ ಆಲ್ಫ್ರೆಡ್ ದೊರೆಯೂ ಪಕ್ಕದ ಮರ್ಸಿಯಾ ರಾಜ್ಯದ ದೊರೆಯೂ ಒಟ್ಟಿಗೆ ನಾಣ್ಯ ಹೊಡೆಸಿದ್ದಕ್ಕೆ ಸಾಕ್ಷಿಯಾದ ಅಪರೂಪದ ನಾಣ್ಯಗಳು ಅದರಲ್ಲಿದ್ದವು. ನ್ಯಾಯವಾಗಿ ತೋರಿಸಿದ್ದರೆ ಅವರಿಗೂ ಲಕ್ಷಗಟ್ಟಲೆ ಪೌಂಡ್ ಸಿಗುವ ಸಾಧ್ಯತೆ ಇತ್ತು. ಆಸೆ ಇದ್ದವನಿಗೆ ಬುದ್ಧಿ ಇರಬೇಕೆಂದೇನೂ ಇಲ್ಲ.

ನಮ್ಮ ಕಡೆ

ಕರ್ನಾಟಕಕ್ಕೂ ರೋಮನ್ ನಾಣ್ಯ ಹೊಸದಲ್ಲ. 1891ರಲ್ಲಿ ಯಶವಂತಪುರದಲ್ಲಿ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಹಾನಗಲ್ ತಾಲೂಕಿನ ಅಕ್ಕಿಆಲೂರಿನಲ್ಲಿ ಚಿನ್ನದ್ದೇ ಸಿಕ್ಕಿತ್ತು. ನೆಲದಲ್ಲಿ ಇಲ್ಲ ಅಂತಲ್ಲ, ಇದೆ. ಆದರೆ ನಮ್ಮಲ್ಲಿ ನಿಧಿ ಅಂದ ಕೂಡಲೇ ನೆನಪಾಗುವುದು ಅಮಾವಾಸ್ಯೆ, ನಿಂಬೆಹಣ್ಣು, ಒಡೆದ ಬಸವಣ್ಣ. ಪಾಳುಬಿದ್ದ ಗುಡಿಯ ಗರ್ಭಗುಡಿ ಅಗೆದ ಸುದ್ದಿ, ವೀರಗಲ್ಲು ಬುಡಮೇಲು ಮಾಡಿದ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಸುಮ್ನೆ ಹವ್ಯಾಸಕ್ಕೆ ಡಿಟೆಕ್ಟರ್ ಹಿಡಿದು ಹೊಲ ಸುತ್ತುವ ಪದ್ಧತಿ ಇಲ್ಲಿಲ್ಲ. ಇದ್ದರೂ ಜನ ನಿಧಿಗಳ್ಳ ಅಂತಲೇ ತಿಳಿಯುತ್ತಾರೆ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ ಕೂಡ.

ಆದರೆ ಬಾವಿ ತೋಡುವಾಗ, ಪಾಯ ತೆಗೆಯುವಾಗ, ಉಳುವಾಗ ಗಡಿಗೆ ಸಿಕ್ಕಿದರೆ? 1878ರ ನಿಧಿ ಕಾಯ್ದೆ ಅದಕ್ಕೇ ಇರುವುದು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. 1878ರ ಕಾಯ್ದೆ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕಿದರೆ ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ವಾರಸುದಾರರಿಲ್ಲ ಅಂತಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಸಿಕ್ಕಿದವನಿಗೆ ಮುಕ್ಕಾಲು, ಜಮೀನಿನವನಿಗೆ ಕಾಲು ಪಾಲು. ಹಂಚಿಕೆ ನೋಡಿದರೆ ಇಂಗ್ಲೆಂಡಿಗಿಂತ ನಮ್ಮದೇ ಧಾರಾಳ.

ಕೊಕ್ಕೆ ಇರುವುದು ಬೆಲೆ ಕಟ್ಟುವಲ್ಲಿ. ಸರ್ಕಾರ ನಿಧಿಯನ್ನು ತಾನೇ ಇಟ್ಟುಕೊಳ್ಳುವುದಾದರೆ ಕೊಡುವುದು ಒಳಗಿನ ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಭಾಗ. ಇತಿಹಾಸಕ್ಕೆ, ಅಪರೂಪಕ್ಕೆ ಬೆಲೆ ಆ ಐದನೇ ಒಂದರಷ್ಟೇ. ಈ ಲೆಕ್ಕವನ್ನು ಫ್ರೂಮಿನ ಗಡಿಗೆಗೆ ಹಾಕಿ ನೋಡಿ. 160 ಕಿಲೋ, ಹೆಚ್ಚಿನದು ತಾಮ್ರ, ಸ್ವಲ್ಪವೇ ಬೆಳ್ಳಿ. ಗುಜರಿ ದರಕ್ಕೆ ಐದನೇ ಒಂದು ಸೇರಿಸಿದರೆ ಕೆಲವೇ ಸಾವಿರ ಪೌಂಡ್ ಆಗುತ್ತದೆ. ಅಲ್ಲಿ ಕೊಟ್ಟದ್ದು 3,20,250.